ಗುಲಾಬಿ ವಾಸನೆ ಎಂದರು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ಸೊರಬದ ನನ್ನ ಸೋದರಮಾವ ನನ್ನ ತಮ್ಮನ ಬ್ಯಾಗಿನ ಜಿಪ್ ಎಳೆದು ಒಳಗಿಂದ ಒಂದು ನೀಲಿ ಚೀಲ ತೆಗೆದರು. ಅದರಲ್ಲಿ ಎರಡು ಇನ್ಸುಲಿನ್ ಪೆನ್ನು, ಸೂಜಿಗಳ ಡಬ್ಬಿ, ರಕ್ತದ ಸಕ್ಕರೆ ನೋಡುವ ಪುಟ್ಟ ಮೀಟರು ಇದ್ದವು. ಅದನ್ನು ಅವರು ಹಜಾರದ ಮೂಲೆಯ ಪೀಠದ ಮೇಲೆ, ಮರಿಯಮ್ಮನವರ ಪ್ರತಿಮೆಯ ಪಾದದ ಬಳಿ, ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿಟ್ಟು ಶಿಲುಬೆಯ ಗುರುತು ಹಾಕಿಕೊಂಡರು. ನಿಮಿಷ ಸಮೇತ ನೆನಪಿರುವುದಕ್ಕೆ ಕಾರಣವಿದೆ. ಮಧ್ಯಾಹ್ನದ ಸೂಜಿಗೆ ಇನ್ನೆಷ್ಟು ಹೊತ್ತು ಎಂದು ನಾನು ಆಗಷ್ಟೇ ಗೋಡೆಯ ಗಡಿಯಾರ ನೋಡಿದ್ದೆ. ನೋಡಿದೆ, ಮತ್ತೆ ಜಪಸರ ಕೈಗೆತ್ತಿಕೊಂಡೆ.

ನಾನು ವಿಜ್ಞಾನದ ಪದವೀಧರೆ. ಶಿಕಾರಿಪುರದ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ಇನ್ಸುಲಿನ್ ಎಂದರೇನು, ಅದಿಲ್ಲದಿದ್ದರೆ ದೇಹದ ಗತಿ ಏನು ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಪರೀಕ್ಷೆಯಲ್ಲಿ ತಪ್ಪು ಬರೆದವರ ಅಂಕ ಕಳೆಯುತ್ತೇನೆ. ಮಾವನ ಮನೆಯ ಚಾಪೆಯ ಮೇಲೆ ಕುಳಿತಿದ್ದವಳು ಅದೇ ಟೀಚರು. ಮಾವನ ಬಗ್ಗೆ, ಅವರು ಕರೆಸಿದ್ದ ಪ್ರಾರ್ಥನೆಯವನ ಬಗ್ಗೆ ಮುಂದೆ ನಾನು ಏನೇನು ಹೇಳಿದರೂ ಇದನ್ನು ಮೊದಲು ಹೇಳಿಬಿಡಬೇಕು.

ಶಿಕಾರಿಪುರದಲ್ಲಿ ನಮ್ಮದೊಂದು ಬೇಕರಿ ಇದೆ. ಅಪ್ಪ ಶುರು ಮಾಡಿದ್ದು. ಅಪ್ಪ ತೀರಿಕೊಂಡ ಮೇಲೆ ತಮ್ಮ ನಡೆಸುತ್ತಿದ್ದಾನೆ. ಹನ್ನೊಂದನೇ ವಯಸ್ಸಿನಿಂದ ಅವನಿಗೆ ಸಕ್ಕರೆ ಕಾಯಿಲೆ. ಮಾತ್ರೆಗೆ ಬಗ್ಗುವ ಜಾತಿಯದಲ್ಲ, ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಲೇಬೇಕಾದದ್ದು. ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಕೇಕು ಎಲ್ಲ ಮಾಡುವ ಕೈ ಅವನದು, ತಿನ್ನುವ ಬಾಯಿ ಊರಿನವರದು. ಇನ್ಸುಲಿನ್ ಇರುವುದು ಬೇಕರಿಯ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ. ಒಬ್ಬ ಗಿರಾಕಿ ಒಮ್ಮೆ ಅದನ್ನು ನೋಡಿ, "ಇದ್ಯಾವ ಫ್ಲೇವರ್ರೋ?" ಎಂದು ಕೇಳಿದ್ದರು.

"ಅದು ಓನರ್ ಸ್ಪೆಷಲ್ ರೀ. ನಿಮಗೆ ಕೊಟ್ರೆ ಇಲ್ಲೇ ಮಕ್ಕೊಂಡ್ಬಿಡ್ತೀರಿ" ಎಂದಿದ್ದ ತಮ್ಮ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದ ಎರಡನೇ ವಾರ ಭದ್ರಾವತಿಯಿಂದ ಅವನಿಗೊಂದು ಹುಡುಗಿಯ ಫೋಟೊ ಬಂತು. ಅಮ್ಮ ಅದನ್ನು ಗಲ್ಲಾದ ಗಾಜಿನ ಕೆಳಗಿಟ್ಟು ಎರಡು ದಿನ ಕಾದಳು. ಮೂರನೇ ದಿನ ಅವನು ಬನ್ನಿನ ತಟ್ಟೆ ಕೆಳಗಿಟ್ಟು ಹೇಳಿದ.

"ಅಮ್ಮಾ, ಆ ಫೋಟೊ ವಾಪಸ್ ಕಳ್ಸು. ನಂಗೆ ಹುಡುಗೀರು ಬ್ಯಾಡ."

"ಫಾದರ್ ಆಗ್ತೀಯೇನು? ಅದಕ್ಕೂ ವಯಸ್ಸು ಮೀರ್ತಲ್ಲೋ."

"ಫಾದರ್ ಗೀದರ್ ಏನಿಲ್ಲ. ದಿನಾ ಸಂಜಿಗೆ ಬರ್ತಾನಲ್ಲ, ಪಶು ಆಸ್ಪತ್ರೆಯವ್ನು, ಅವ್ನ ಜೊತಿಗೆ ಇರ್ತೀನಿ. ನಾಕು ವರ್ಷ ಆತು."

ಪಶು ಆಸ್ಪತ್ರೆಯವನು ಎಂದರೆ ಸೊರಬದಲ್ಲಿ ದನಗಳಿಗೆ ಸೂಜಿ ಹಾಕುವ ಕೆಲಸದಲ್ಲಿದ್ದ, ಬಂದಳಿಕೆ ಕಡೆಯ ರೈತರ ಮನೆಯ ಹುಡುಗ. ಸಂಜೆ ಬಸ್ಸಿಳಿದು ಬೇಕರಿಗೆ ಬಂದು, ಚಹಾ ಕುಡಿದು, ಬ್ರೆಡ್ಡಿಗೆ ಕವರು ಹಾಕಿಕೊಟ್ಟು ಊರಿಗೆ ಹೋಗುತ್ತಿದ್ದ. ವಿಷಯ ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು ಎಂದೇ ನನ್ನ ಅನುಮಾನ. ಆದರೆ ನಮ್ಮಲ್ಲಿ ಗೊತ್ತಿರುವುದು ಪಾಪವಲ್ಲ, ಬಾಯಿಬಿಟ್ಟು ಹೇಳುವುದು ಪಾಪ. ಅಮ್ಮ ಅಂದೇ ತನ್ನ ಅಣ್ಣನಿಗೆ ಫೋನು ಮಾಡಿದಳು.

ಮಾವ ದೈಹಿಕ ಶಿಕ್ಷಣದ ಮೇಷ್ಟರಾಗಿದ್ದವರು. ಇಡೀ ಸರ್ವೀಸು ಮಕ್ಕಳನ್ನು ಸಾಲು ನಿಲ್ಲಿಸಿ ಸೀಟಿ ಊದಿದರು. ನಿವೃತ್ತರಾದ ಮೇಲೆ ಊದುವುದಕ್ಕೆ ಬೇರೇನೂ ಸಿಗದೆ ಭಕ್ತಿಗೆ ಬಿದ್ದರು. ಹರಕೆ ಹೊತ್ತು ಚಂದ್ರಗುತ್ತಿ ಅಮ್ಮನ ಗುಡಿಗೆ ಹೋಗುವವರು ಮನೆಯ ಮುಂದೆ ಹಾದರೆ, "ಪಾಪ, ಮೂಢರು" ಎಂದು ನಗುತ್ತಿದ್ದರು. ಅದೇ ಮಾವ ಈಗ ಎಲ್ಲಿಂದಲೋ ಒಬ್ಬ ಪ್ರಾರ್ಥನೆಯವನನ್ನು ಕರೆಸಿದರು. ಅವನು ಗುರುವೂ ಅಲ್ಲ, ಉಪದೇಶಿಯೂ ಅಲ್ಲ. ಚರ್ಚಿನ ಯಾರೂ ಅವನನ್ನು ನೇಮಿಸಿರಲಿಲ್ಲ. ಅವನಲ್ಲಿದ್ದದ್ದು ಒಂದು ಬ್ಲೂಟೂತ್ ಸ್ಪೀಕರು, ಒಂದು ಬಿಳಿ ಜುಬ್ಬಾ, ಮತ್ತು ಎಲ್ಲರೂ ತನ್ನನ್ನು ಬ್ರದರ್ ಎನ್ನಬೇಕೆಂಬ ನಿಯಮ. ಮೂರು ದಿನ ಉಪವಾಸ ಪ್ರಾರ್ಥನೆ, ಬರೀ ನೀರು, ಮೂರನೇ ದಿನ ಹುಡುಗ ಸರಿಹೋಗುತ್ತಾನೆ ಎಂದು ಅವನು ಮಾತು ಕೊಟ್ಟನಂತೆ. ಮೋಟಾರು ರಿಪೇರಿಯವರೂ ಇಷ್ಟು ಖಚಿತವಾಗಿ ದಿನ ಹೇಳುವುದಿಲ್ಲ.

ತಮ್ಮ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅಮ್ಮ ಅಸ್ತ್ರ ತೆಗೆದಳು.

"ನೀ ಬರಲಿಲ್ಲಾಂದ್ರ ನಾ ಈಸ್ಟರ್‌ಗೂ ಪರಮಪ್ರಸಾದ ತಗಳಲ್ಲ. ಹಂಗೇ ಸಾಯ್ತೀನಿ."

ಅವನು ಹಿಟ್ಟಿನ ಕೈ ಒರೆಸಿಕೊಂಡ. "ಆತು. ಮೂರೇ ದಿನ. ನಾಕನೇ ದಿನದಿಂದ ಈ ವಿಷಯ ಯಾರೂ ಎತ್ತಂಗಿಲ್ಲ. ನಿಮ್ಮಣ್ಣಂಗೂ ಹೇಳು."

ಬೇಕರಿಗೆ ಬೀಗ ಹಾಕಿ ಮೂವರೂ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆವು. ಇನ್ಸುಲಿನ್ ವಿಷಯ ಆ ಒಪ್ಪಂದದಲ್ಲಿ ಇರಲೇ ಇಲ್ಲ. ಹನ್ನೊಂದೂ ನಲವತ್ತಕ್ಕೆ ಅದು ಸೇರಿಕೊಂಡಿತು.

"ಇದೆಂತಕೆ ಮುಟ್ತೀರಿ ಮಾವ? ಇದು ಊಟ ಅಲ್ಲ, ಔಷಧಿ" ಎಂದ ತಮ್ಮ.

"ಊಟನೇ ಇಲ್ಲ ಅಂದಮೇಲೆ ಸೂಜಿ ಎಂತಕೋ ಮಾರಾಯ?" ಎಂದರು ಮಾವ. ಈ ಒಂದು ಮಾತು ಮಾತ್ರ ನಮ್ಮಂಥವರ ಬಾಯಿಂದಲೇ ಬರಬಹುದಾದದ್ದು. ಅರ್ಧ ಕೇಳಿಸಿಕೊಂಡ ವೈದ್ಯ, ಅರ್ಧ ಕೇಳಿಸಿಕೊಂಡ ವೇದ. ಊಟವಿಲ್ಲದಿದ್ದರೂ ಅವನ ದೇಹಕ್ಕೆ ಆ ಔಷಧಿ ಸ್ವಲ್ಪವಾದರೂ ಬೇಕೇಬೇಕು ಎಂದು ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು. ತಮ್ಮನಿಗೆ, ನನಗೆ, ಹದಿನೆಂಟು ವರ್ಷ ಅವನ ಸೂಜಿಯ ಹೊತ್ತು ಕಾಯ್ದ ಅಮ್ಮನಿಗೆ.

ಪ್ರಾರ್ಥನೆಯವನು ಕಣ್ಣು ಮುಚ್ಚಿ ತಲೆ ಆಡಿಸಿದ. "ನೀನು ದೇವರನ್ನ ನಂಬ್ತೀಯೋ, ಸೂಜೀನ ನಂಬ್ತೀಯೋ? ಒಂದನ್ನ ಹೇಳು ಮಗನೇ."

ತಮ್ಮ ಅಮ್ಮನ ಕಡೆ ನೋಡಿದ. ಅಮ್ಮ ಚಾಪೆಯ ಅಂಚು ಕೀಳುತ್ತಿದ್ದಳು. ನನ್ನ ಕಡೆ ನೋಡಿದ. ನಾನು ನೋಡುತ್ತಿದ್ದದ್ದು ಕೈಯಲ್ಲಿದ್ದ ಜಪಸರವನ್ನು. ಅವನ ಮುಖದಲ್ಲಿ ಸಣ್ಣವನಿದ್ದಾಗಿನ ಹಟ ಬಂತು. "ಇಟ್ಕಳಿ ಮಾವ. ಮೂರು ದಿನದಾಗ ಮೊದ್ಲು ಯಾರಿಗೆ ಹೆದ್ರಿಕೆ ಆಗ್ತತೋ ನೋಡೇಬಿಡಣ." ಅವನ ಈ ಪೌರುಷವನ್ನೂ ನಾನು ಕ್ಷಮಿಸಿಲ್ಲ. ಇಂಥ ಜನರ ಮುಂದೆ ಪ್ರಾಣ ಪಣಕ್ಕಿಡುವುದು, ಕತ್ತೆಯ ಹತ್ತಿರ ಪಂದ್ಯ ಕಟ್ಟಿದ ಹಾಗೆ.

ಆ ದಿನ ಏನೂ ಆಗಲಿಲ್ಲ. ಬೆಳಿಗ್ಗೆ ಹಾಕಿಕೊಂಡ ಔಷಧಿ ಮೈಯಲ್ಲಿ ಇನ್ನೂ ಇತ್ತು. ಪ್ರಾರ್ಥನೆಯವನು ಅದನ್ನೇ ಮೊದಲ ಜಯ ಎಂದು ಸಾರಿದ. ಸಂಜೆಯಿಂದ ತಮ್ಮ ನೀರು ಕುಡಿಯತೊಡಗಿದ. ಚೊಂಬಿನ ಮೇಲೆ ಚೊಂಬು. ಐದು ನಿಮಿಷಕ್ಕೊಮ್ಮೆ ಹಿತ್ತಲಿಗೆ ಹೋಗಿ ಬರುತ್ತಿದ್ದ. "ಒಳಗಿನ ಕೊಳೆ ಎಲ್ಲ ಹೋಗ್ತಾ ಇದೆ" ಎಂದು ಮಾವ ಸಂತೋಷಪಟ್ಟರು.

ಶುಕ್ರವಾರ ಬೆಳಿಗ್ಗೆ ನಾನು ಅಡುಗೆಮನೆಗೆ ನೀರು ತರಲು ಹೋದಾಗ ಪ್ರಾರ್ಥನೆಯವನು ಅಲ್ಲಿ ಸ್ಟೂಲಿನ ಮೇಲೆ ಕುಳಿತು ಇಡ್ಲಿ ತಿನ್ನುತ್ತಿದ್ದ. ತಿಂದು, ಜುಬ್ಬಾದ ಜೇಬಿನಿಂದ ಒಂದು ಮಾತ್ರೆ ತೆಗೆದು ಕಾಫಿಯ ಜೊತೆ ನುಂಗಿದ.

"ಎಂತ ಮಾತ್ರೆ ಬ್ರದರ್?" ಎಂದೆ.

"ಬಿ.ಪಿ.ದು ಸಿಸ್ಟರ್. ಬಿಡಂಗಿಲ್ಲ ಅಂದಿದ್ದಾರೆ ಡಾಕ್ಟ್ರು."

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನ್ನನ್ನು ಈಗಲೂ ಬೆಚ್ಚಿಬೀಳಿಸುವುದು ಅದು. ಅವನು ಕಪಟಿಯಾಗಿದ್ದರೆ ಎಷ್ಟೋ ವಾಸಿಯಿತ್ತು. ಕಪಟಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ. ಇವನಿಗೆ ತನ್ನ ಮಾತ್ರೆಗೂ ನನ್ನ ತಮ್ಮನ ಪೆನ್ನಿಗೂ ಸಂಬಂಧವೇ ಕಾಣಲಿಲ್ಲ. ನಾನು ಆಗಲೇ ಆ ಕಾಫಿ ಲೋಟವನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಕಿತ್ತು. ನೀರು ತುಂಬಿಕೊಂಡು ವಾಪಸ್ ಬಂದೆ.

ಮಧ್ಯಾಹ್ನದ ಹೊತ್ತಿಗೆ ತಮ್ಮ ವಾಂತಿ ಮಾಡಿದ. ಕುಡಿದ ನೀರೆಲ್ಲ ಹೊರಗೆ. ಪ್ರಾರ್ಥನೆಯವನು ಸ್ಪೀಕರಿನ ಸದ್ದು ಏರಿಸಿ, "ಹೊರಡು! ಹೊರಡು!" ಎಂದು ಅವನೊಳಗಿನ ದುಷ್ಟನಿಗೆ ಕೂಗಿದ. ತಮ್ಮ ಗೋಡೆಗೆ ಒರಗಿ, "ನಾನೇ ಹೊರಡ್ಲಾ, ಬಸ್ಸಿಗೆ ಚಿಲ್ರೆ ಕೊಡ್ರಿ" ಎಂದ. ಅವತ್ತು ಅವನು ಆಡಿದ ಕೊನೆಯ ತಮಾಷೆ ಅದು. ಆಮೇಲೆ ಮಾತು ತೊದಲತೊಡಗಿತು. ಉಸಿರು ಆಳವಾಗಿ, ಜೋರಾಗಿ, ಒಂದೇ ಸಮನೆ ಏರಿಳಿಯತೊಡಗಿತು. ಬೆಟ್ಟ ಹತ್ತಿ ಬಂದವನ ಉಸಿರು, ಆದರೆ ಮನುಷ್ಯ ಚಾಪೆಯ ಮೇಲೆ ಮಲಗಿದ್ದಾನೆ.

ಒಂದೂವರೆಗೆ ನಾನು ಅವನ ಬಾಯಿ ಒರೆಸಲು ಬಗ್ಗಿದೆ. ವಾಸನೆ ಬಂತು. ಸಿಹಿಯಾದ, ಹಣ್ಣು ಕೊಳೆತ ಹಾಗಿನ, ಮೂಗಿಗೆ ತಟ್ಟುವ ವಾಸನೆ. ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ವರ್ಷ ಆ ವಾಸನೆಯ ಬಾಟಲಿಯ ಮುಚ್ಚಳ ತೆಗೆದಿದ್ದೇನೆ. ಅಸಿಟೋನ್. ಉಗುರುಬಣ್ಣ ಅಳಿಸುವ ದ್ರವದಲ್ಲಿ ಇರುವುದು ಅದೇ. ಇನ್ಸುಲಿನ್ ಇಲ್ಲದ ದೇಹ ತನ್ನ ಕೊಬ್ಬನ್ನೇ ಸುಟ್ಟುಕೊಂಡು ರಕ್ತವನ್ನು ಹುಳಿ ಮಾಡಿಕೊಳ್ಳುವಾಗ ಉಸಿರಿನಲ್ಲಿ ಬರುವ ವಾಸನೆ. ಆ ಪಾಠದ ಕೆಳಗೆ ನಾನೇ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ.

ಅಷ್ಟರಲ್ಲಿ ಮಾವನೂ ಬಗ್ಗಿದರು. ಮೂಗು ಅರಳಿಸಿದರು. ಅವರ ಕಣ್ಣಲ್ಲಿ ನೀರು ಬಂತು.

"ಗುಲಾಬಿ ವಾಸನೆ! ಬ್ರದರ್, ಗುಲಾಬಿ ವಾಸನೆ!"

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಮಾತೆ ಮರಿಯಮ್ಮ ಬಂದಲ್ಲಿ ಗುಲಾಬಿಯ ಸುವಾಸನೆ ಬರುತ್ತದೆ, ಸಂತರ ಮೈಯಿಂದಲೂ ಹೂವಿನ ಪರಿಮಳ ಬರುತ್ತದೆ ಎಂದು ನಾವು ಚಿಕ್ಕಂದಿನಿಂದ ಕೇಳಿ ಬೆಳೆದವರು. ಪ್ರಾರ್ಥನೆಯವನು ಮಂಡಿಯೂರಿದ. ಮಾವ ಮಂಡಿಯೂರಿದರು. ಅತ್ತೆ ಒಳಗಿಂದ ಓಡಿಬಂದು ತಲೆಗೆ ಸೆರಗು ಹೊದ್ದು ಮಂಡಿಯೂರಿದರು. ನನ್ನ ತಮ್ಮ ಸಾಯುತ್ತಿದ್ದ, ಅವರು ಅವನ ಸಾವನ್ನು ಮೂಸಿ ಆನಂದಪಡುತ್ತಿದ್ದರು. ನಾನೂ ಮಂಡಿಯೂರಿದೆ. ಹೌದು, ನಾನೂ. ಎಲ್ಲರೂ ಮಂಡಿಯೂರಿದಾಗ ಒಬ್ಬಳೇ ನಿಂತಿರುವುದು ನಮ್ಮಲ್ಲಿ ಹುಟ್ಟಿನಿಂದ ಕಲಿಸದ ವಿದ್ಯೆ. ಮೂರ್ಖರ ನಡುವೆ ನಿಜ ತಿಳಿದೂ ಸುಮ್ಮನಿದ್ದವಳಿಗೆ ಏನು ಹೆಸರೋ ನನಗೆ ಗೊತ್ತಿಲ್ಲ. ಮೂರ್ಖರಿಗಿಂತ ಕೀಳಾದದ್ದೇ ಇರಬೇಕು.

ಒಂದೂವರೆಯಿಂದ ಮೂರು ಗಂಟೆ ಹತ್ತು ನಿಮಿಷದವರೆಗೆ ನಾನು ಹಾಗೆ ಇದ್ದೆ. ಈ ಹೊತ್ತನ್ನು ನಾನು ಎಷ್ಟು ಸಲ ತಿರುಗಿ ಬದುಕಿದ್ದೇನೋ. ತರಗತಿಯಲ್ಲಿ ಹಾಜರಿ ಕೂಗುವಾಗ, ಬಸ್ಸಿನಲ್ಲಿ, ಬ್ರೆಡ್ಡು ಕತ್ತರಿಸುವಾಗ. ಪ್ರತಿ ಸಲವೂ ಅಲ್ಲಿ ಎದ್ದು ನಿಲ್ಲುತ್ತೇನೆ, ಪೀಠದಿಂದ ಚೀಲ ಎತ್ತಿಕೊಳ್ಳುತ್ತೇನೆ, ಸ್ಪೀಕರನ್ನು ಬಾವಿಗೆ ಎಸೆಯುತ್ತೇನೆ. ನಿಜದಲ್ಲಿ ಆದದ್ದು ಇಷ್ಟು. ಶುಕ್ರವಾರದ ಮೂರು ಗಂಟೆ ಯೇಸು ಪ್ರಾಣ ಬಿಟ್ಟ ಹೊತ್ತೆಂದು ಪ್ರಾರ್ಥನೆಯವನು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದ. ಎಲ್ಲರ ಕಣ್ಣು ಮುಚ್ಚಿದ ಮೇಲೆ ನನಗೆ ಧೈರ್ಯ ಬಂತು. ಹಿತ್ತಲಿಗೆ ಹೋಗಿ ಪಶು ಆಸ್ಪತ್ರೆಯವನಿಗೆ ಫೋನು ಮಾಡಿದೆ. ಆಂಬುಲೆನ್ಸಿಗಲ್ಲ, ಪೊಲೀಸರಿಗಲ್ಲ, ಅವನಿಗೆ. ಸೊರಬದಲ್ಲಿ ನನ್ನ ತಮ್ಮ ಬದುಕಿರಬೇಕು ಎಂದು ಬಯಸುವ, ಆದರೆ ನನ್ನ ಮಾವನಿಗೆ ಹೆದರದ ಒಬ್ಬನೇ ಮನುಷ್ಯ ಅವನು ಎಂದು ಆ ಗಳಿಗೆಯಲ್ಲಿ ಹೊಳೆಯಿತು.

"ಸೂಜಿ ಯಾವಾಗಿಂದ ಇಲ್ಲ ಅಕ್ಕ?" ಎಂದಷ್ಟೇ ಕೇಳಿದ.

"ನಿನ್ನೆಯಿಂದ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾರದೋ ಓಮ್ನಿ ಕೇಳಿಕೊಂಡು, ದನಕ್ಕೆ ಸೂಜಿ ಹಾಕಲು ತೊಟ್ಟಿದ್ದ ಗಂಬೂಟಿನಲ್ಲೇ ಅರ್ಧ ಗಂಟೆಯೊಳಗೆ ಬಂದ. ಮಾವ ಬಾಗಿಲಿಗೆ ಅಡ್ಡ ನಿಂತರು.

"ನೀನೆಂತಕೆ ಬಂದೆ ಇಲ್ಲಿಗೆ? ನಿನ್ನಿಂದಲೇ ಅಲ್ಲನಾ ಇಷ್ಟೆಲ್ಲ ಆಗಿದ್ದು?"

"ಬೈಯೋದಿದ್ರೆ ಆಮೇಲೆ ಬೈರಿ ಮೇಷ್ಟ್ರೇ, ನಾನೇ ಬಂದು ಸಾಲಲ್ಲಿ ನಿಂತ್ಕಳ್ತೀನಿ. ಈಗ ದಾರಿ ಬಿಡಿ."

"ಒಳಗೆ ಮಾತೆ ಬಂದಿದ್ದಾರೆ. ಗುಲಾಬಿ ವಾಸನೆ ಹೊಸ್ತಿಲ ತನಕ ಬರ್ತಾ ಇದೆ. ಮೂಗಿಲ್ವನಾ ನಿಂಗೆ?"

ಅವನು ನಿಜವಾಗಿಯೂ ಮೂಸಿದ. ಮುಖ ಬಿಳಿಚಿಕೊಂಡಿತು. "ಕರು ಹಾಕಿದ ಹಸು ಮೇವು ಬಿಟ್ಟಾಗ ಬರೋ ವಾಸನೆ ಇದು ಮೇಷ್ಟ್ರೇ. ವಾರಕ್ಕೆ ಎರಡು ನೋಡ್ತೀನಿ. ಅದಕ್ಕೆ ಬೇರೆ ಔಷಧಿ, ಇವನಿಗೆ ಬೇರೆ. ಬಿಟ್ರೆ ಎರಡೂ ಸಾಯ್ತವೆ. ನಮ್ಮೂರಲ್ಲಿ ಹಸೂಗೂ ಹಿಂಗೆ ಮಾಡಲ್ಲ."

"ದುಷ್ಟ ಹೀಗೇ ವಾದ ಮಾಡೋದು" ಎಂದ ಪ್ರಾರ್ಥನೆಯವನು, ಸ್ಪೀಕರಿನ ಹಿಂದಿನಿಂದ.

ಆಗ ಅಮ್ಮ ಎದ್ದಳು. ಮಂಡಿ ನೋವಿನವಳು, ಗೋಡೆ ಹಿಡಿದು ಎದ್ದಳು. ಜಪಸರ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಅಣ್ಣಾ, ಬಾಗ್ಲಿಂದ ಸರಿ."

"ನಂಬಿಕೆ ಬಿಡಬೇಡ ಕಣೇ, ಇನ್ನೊಂದೇ ದಿನ—"

"ಇವ್ನಿಗೆ ಹನ್ನೊಂದು ವರ್ಷ ಇದ್ದಾಗ ಇದೇ ವಾಸನೆ ಬಂದಿತ್ತು. ಬಾಳೆಹಣ್ಣು ಕದ್ದು ತಿಂದಾನ ಅಂತ ಹೊಡ್ದಿದ್ದೆ. ಎರಡು ತಾಸು ಬಿಟ್ಟು ಎಚ್ಚರ ತಪ್ಪಿ ಬಿದ್ದ. ಅವತ್ತು ನಂಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಿದ್ದೂ ಕುಂತೀನಿ. ಸರಿ ಅಂದೆ."

ಅಂದರೆ ಅಮ್ಮನಿಗೂ ವಾಸನೆ ಗೊತ್ತಾಗಿತ್ತು. ಒಂದೂವರೆಯಿಂದಲೇ. ತಾಯಿ ಮಗಳಿಬ್ಬರೂ ಒಂದೇ ಚಾಪೆಯ ಮೇಲೆ, ಒಬ್ಬರು ಮೊದಲು ಹೇಳಲಿ ಎಂದು ಇನ್ನೊಬ್ಬರು ಕಾಯುತ್ತ, ಮಣಿ ಎಣಿಸುತ್ತ ಕುಳಿತಿದ್ದೆವು.

ಮಾವ ಸರಿದರು. ಸೀಟಿ ಊದಿದವರಿಗೆ ಬೇರೆಯವರ ಸೀಟಿ ಕೇಳಿದರೆ ಕಾಲು ತಾನಾಗಿ ಸರಿಯುತ್ತದೋ ಏನೋ. ತಮ್ಮನನ್ನು ಚಾಪೆಯ ಸಮೇತ ಎತ್ತಿ ಓಮ್ನಿಯಲ್ಲಿ ಮಲಗಿಸಿದೆವು. ನಾನು ಹಿಂದಿರುಗಿ ನೋಡಿದಾಗ ಪ್ರಾರ್ಥನೆಯವನು ಸ್ಪೀಕರಿನ ವೈರು ಸುತ್ತುತ್ತಿದ್ದ. ಸಂಜೆಯ ಬಸ್ಸಿಗೆ ಅವನು ಊರು ಬಿಟ್ಟನಂತೆ. ಮೂರನೇ ದಿನದವರೆಗೆ ಕಾಯಲು ಅವನಿಗೂ ನಂಬಿಕೆ ಸಾಲಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಇನ್ಸುಲಿನ್ ಶುರು ಮಾಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು ಹೆಣ್ಣುಮಗಳು, ನನಗಿಂತ ಚಿಕ್ಕವಳು. "ಯಾಕೆ ಔಷಧಿ ನಿಲ್ಲಿಸಿದ್ರಿ?" ಎಂದಳು. "ಉಪವಾಸ" ಎಂದಳು ಅಮ್ಮ. ಡಾಕ್ಟರು ನನ್ನ ಕಡೆ ತಿರುಗಿ, "ನೀವೇನ್ ಮಾಡ್ಕೊಂಡಿದ್ದೀರಿ?" ಎಂದು ಕೇಳಿದಳು. ಟೀಚರ್ ಎಂದೆ. ಯಾವ ವಿಷಯ ಎಂದಳು. ಹೇಳಿದೆ. ಅವಳು ಬರೆಯುವುದನ್ನು ಮುಂದುವರಿಸಿದಳು. ಹೊರಡುವಾಗ ಮಾತ್ರ, "ಇನ್ನೊಂದೆರಡು ಗಂಟೆ ತಡ ಆಗಿದ್ರೆ ಪ್ರಾರ್ಥನೆ ಬೇರೆ ಥರದ್ದೇ ಮಾಡ್ಬೇಕಾಗ್ತಿತ್ತು" ಎಂದಳು.

ಐಸಿಯು ಒಳಗೆ ಹೋಗಲು ರೋಗಿಗೆ ಒಂದೇ ಪಾಸು. ಹಸಿರು ರಟ್ಟಿನ ಚೀಟಿ, ಕೊರಳಿಗೆ ದಾರ. ನರ್ಸು ಅದನ್ನು ಅಮ್ಮನಿಗೆ ಕೊಟ್ಟಳು. ಅಮ್ಮ ಒಮ್ಮೆ ಒಳಗೆ ಹೋಗಿ, ಮಗನ ಮೈಮೇಲಿನ ನಳಿಗೆಗಳನ್ನೂ ಪಕ್ಕದ ಯಂತ್ರವನ್ನೂ ನೋಡಿ, ಏನೂ ತಿಳಿಯದೆ ಹೊರಗೆ ಬಂದಳು. ಗಂಬೂಟಿನವನು ಮೆಟ್ಟಿಲ ಮೇಲೆ ಕುಳಿತಿದ್ದ. ಅವನ ಕೊರಳಿಗೆ ಪಾಸು ಹಾಕಿದಳು.

"ಅವರು ರೋಗಿಗೆ ಏನಾಗ್ಬೇಕು?" ಎಂದು ನರ್ಸು ಕೇಳಿದಳು.

"ನಮ್ಮ ಬೇಕರಿಯವ್ನು" ಎಂದಳು ಅಮ್ಮ. "ಅವ್ನಿಗೆ ಸೂಜಿ ವಿಷಯ ತಿಳೀತತಿ."

ಸುಳ್ಳಿನಲ್ಲೂ ಎಂಥ ಜಿಪುಣತನ! ಆದರೆ ಆ ಪಾಸು ನಾಲ್ಕು ದಿನ ಅವನ ಕೊರಳಲ್ಲೇ ಇತ್ತು. ಬೆಳಿಗ್ಗೆ ಅಮ್ಮನೇ ಅವನಿಗೆ ಇಡ್ಲಿ ಪೊಟ್ಟಣ ಕೊಟ್ಟು ಒಳಗೆ ಕಳಿಸುತ್ತಿದ್ದಳು, ಅವನು ಹೊರಬಂದು ಸಕ್ಕರೆ ಎಷ್ಟಿದೆ ಎಂದು ಹೇಳುವವರೆಗೆ ತಾನು ತಿನ್ನುತ್ತಿರಲಿಲ್ಲ. ಐದನೇ ದಿನ ತಮ್ಮ ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದಾಗ ಮೊದಲು ಕೇಳಿದ್ದು, "ಯಾರು ಮೊದ್ಲು ಹೆದ್ರಿದ್ದು?" ಎಂದು. "ನಾನು" ಎಂದೆ. "ಟೀಚರಿಗೆ ಸೊನ್ನೆ" ಎಂದ.

ಬೇಕರಿ ಮತ್ತೆ ತೆರೆದಾಗ ಸುದ್ದಿ ನಮಗಿಂತ ಮುಂಚೆ ಊರಿಗೆ ಬಂದಿತ್ತು. "ನಿಮ್ಮೋರದಾಗೂ ದೆವ್ವ ಬಿಡಿಸ್ತಾರಾ ಟೀಚರೇ? ನಾವೊಬ್ರೇ ಅಂತ ಮಾಡಿದ್ವಿ" ಎಂದು ಖಾರ ಬನ್ನು ಕೊಳ್ಳುವ ಅಡಿಕೆ ತೋಟದವರೊಬ್ಬರು ನಕ್ಕರು. ನಾನು ಬನ್ನು ಕಟ್ಟಿಕೊಟ್ಟೆ. ಉತ್ತರವಿದ್ದದ್ದು ಮಾವನಲ್ಲಿ. ಅವರು ನೀಲಿ ಚೀಲವನ್ನು ಒಂದು ಬಾಟಲಿ ತೀರ್ಥದ ಜೊತೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದರು. ಪ್ರಾರ್ಥನಾ ಕೂಟಗಳಲ್ಲಿ ಈಗಲೂ ಸಾಕ್ಷ್ಯ ಹೇಳುತ್ತಾರಂತೆ: ಮಾತೆ ಗುಲಾಬಿಯ ಸುವಾಸನೆಯಾಗಿ ನಮ್ಮ ಮನೆಗೆ ಬಂದರು, ಸಾವಿನ ಬಾಯಿಂದ ಹುಡುಗನನ್ನು ಎಳೆದು ತಂದರು. ಸಾವಿನ ಬಾಯಿಗೆ ತಳ್ಳಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ಸಾಕ್ಷ್ಯ ಕೇಳಿಸಿಕೊಂಡವರೆಲ್ಲ ಅಳುತ್ತಾರಂತೆ.

ಈಸ್ಟರಿನ ಹಿಂದಿನ ಪವಿತ್ರ ವಾರಕ್ಕೆ ಮುಂಚೆ ಫಾದರ್ ಬೇಕರಿಗೆ ಬಂದರು. ಗುರುವಾರದ ಪೂಜೆಯಲ್ಲಿ ಹನ್ನೆರಡು ಜನ ಗಂಡಸರನ್ನು ಕೂರಿಸಿ, ಯೇಸು ಶಿಷ್ಯರಿಗೆ ಮಾಡಿದಂತೆ, ಅವರ ಕಾಲು ತೊಳೆಯುವುದು ನಮ್ಮ ಚರ್ಚಿನ ಪದ್ಧತಿ. ಇರುವುದೇ ಕೆಲವು ಮನೆಗಳಾದ್ದರಿಂದ ಹನ್ನೆರಡು ಜನ ಸಿಗುವುದೇ ಕಷ್ಟ. ತಮ್ಮ ಪ್ರತಿ ವರ್ಷ ಇದ್ದೇ ಇರುತ್ತಿದ್ದ. ಕಾಲು ತೊಳೆಸಿಕೊಂಡವರಿಗೆಲ್ಲ ಒಂದೊಂದು ದೊಡ್ಡ ಬನ್ನು ಕೊಡುತ್ತಾರೆ, ಅದು ನಮ್ಮ ಬೇಕರಿಯದು. ಫಾದರ್ ಕೆಟ್ಟವರಲ್ಲ. ಆಸ್ಪತ್ರೆಗೂ ಬಂದಿದ್ದರು. ಇಂಥವರನ್ನು ಗೌರವದಿಂದ ಕಾಣಬೇಕು ಎನ್ನುವುದೇ ಧರ್ಮಸಭೆಯ ಮಾತು ಎಂದು ನನಗೆ ಮೆಲ್ಲಗೆ ಹೇಳಿದ್ದರು. ಮೆಲ್ಲಗೆ. ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳುವ ಸತ್ಯದ ಬಗ್ಗೆ ನನಗೆ ಈಗ ಗೌರವ ಉಳಿದಿಲ್ಲ.

"ಬನ್ನು ಎಂದಿನ ಹಾಗೆ ಹನ್ನೆರಡು ಕಳಿಸಿಬಿಡಿ ಅಮ್ಮ" ಎಂದರು ಫಾದರ್. "ಅವನಿಗೆ ಈ ವರ್ಷ... ಸ್ವಲ್ಪ ವಿಶ್ರಾಂತಿ ಇರಲಿ. ಜನ ಏನಾದರೂ ಅಂದರೆ ಅವನ ಮನಸ್ಸಿಗೇ ನೋವು."

ಅಮ್ಮ ತಟ್ಟೆಗೆ ಎಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ.

"ಬನ್ನು ಮಾಡೋ ಕೈ ಬೇಕು, ಕಾಲು ಬ್ಯಾಡೇನು ಫಾದರ್?"

ಫಾದರ್ ಕೆಂಪಾದರು. ಬರಲಿ, ಬರಲಿ, ತಾನು ಬೇಡ ಅನ್ನಲಿಲ್ಲ ಎಂದರು. ಒಲೆಯ ಬಳಿಯಿಂದ ತಮ್ಮನೇ ಕೂಗಿ ಹೇಳಿದ: "ನಂಗೇ ಬ್ಯಾಡ ಫಾದರ್. ನನ್ನ ಕಾಲು ದಿನಾ ತೊಳೆದು ನೋಡೋರು ಒಬ್ರು ಅದಾರೆ." ಸಕ್ಕರೆ ಕಾಯಿಲೆಯವರ ಪಾದದಲ್ಲಿ ಗಾಯ ಆದರೂ ಗೊತ್ತಾಗುವುದಿಲ್ಲ, ದಿನಾ ಯಾರಾದರೂ ಅಂಗಾಲು ನೋಡಬೇಕು. ಪಶು ಆಸ್ಪತ್ರೆಯವನು ಸಂಜೆ ಬಂದವನೇ ಮೊದಲು ಮಾಡುತ್ತಿದ್ದದ್ದು ಅದು. ಹಿಟ್ಟಿನ ಮೂಟೆಯ ಮೇಲೆ ತಮ್ಮನನ್ನು ಕೂರಿಸಿ, ಬಕೆಟ್ಟಿನಲ್ಲಿ ಕಾಲು ತೊಳೆದು, ಹಸುವಿನ ಗೊರಸು ನೋಡಿದ ಹಾಗೆ ಮೇಲೆತ್ತಿ ನೋಡುತ್ತಿದ್ದ. ಅಮ್ಮ ಆ ವರ್ಷ ಚರ್ಚಿಗೆ ಬನ್ನು ಕಳಿಸಿದಳು. ಹನ್ನೊಂದು.

ಅಮ್ಮ ಬದಲಾದಳು ಎಂದು ಯಾರಾದರೂ ಇಲ್ಲಿ ಕಣ್ಣು ಒರೆಸಿಕೊಳ್ಳುವುದಿದ್ದರೆ ಬೇಡ. ಅವನನ್ನು ಅವಳು ಊರವರ ಮುಂದೆ ಬೇಕರಿಯವನು ಎಂದೇ ಕರೆಯುತ್ತಿದ್ದಳು. ಬದಲಾದದ್ದು ನಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ನಾವಿಬ್ಬರೂ ಸರದಿಯಂತೆ ಅಲಾರಂ ಇಟ್ಟುಕೊಂಡು, ತಮ್ಮನ ಹಾಸಿಗೆಯ ಬಳಿ ಬಗ್ಗಿ ಅವನ ಉಸಿರು ಮೂಸಿ ಬರುತ್ತಿದ್ದೆವು. ಅವನ ಸೂಜಿ ಅವನ ಕೈಯಲ್ಲಿದೆ, ಮೀಟರು ಸರಿಯಾಗಿದೆ, ಆದರೂ ನಾಯಿಗಳ ಹಾಗೆ ಮೂಸುತ್ತಿದ್ದೆವು. ಮೂಸಬೇಕಾಗಿದ್ದಾಗ ಮೂಸಿಯೂ ಸುಮ್ಮನಿದ್ದವರಿಗೆ ತಕ್ಕ ಶಿಕ್ಷೆ. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯೂ ಇರಲಿಲ್ಲ. ಅಮ್ಮ ಮೂಸಿ ಬಂದ ಮೇಲೆ ನಾನು ಹೋಗುತ್ತಿದ್ದೆ, ನಾನು ಬಂದ ಮೇಲೆ ಅವಳು. ತಮ್ಮ ಬೇಸತ್ತು, "ಬಾಯಿಗೆ ಬೀಗ ಹಾಕ್ಕೊಂಡು ಮಕ್ಕೊಳ್ಳಾ?" ಎನ್ನುತ್ತಿದ್ದ. ಶಾಲೆಯಲ್ಲಿ ನಾನು ನಿಂತಲ್ಲೇ ತೂಕಡಿಸಿದೆ. ಶನಿವಾರ ಬೆಳಿಗ್ಗೆ, ಈಸ್ಟರಿನ ಕೇಕು ತೆಗೆಯುವಾಗ, ಅಮ್ಮ ನಿದ್ದೆಗಣ್ಣಿನಲ್ಲಿ ಒಲೆಯ ತಟ್ಟೆಯನ್ನು ಬರಿಗೈಯಲ್ಲಿ ಹಿಡಿದಳು.

ಸುಟ್ಟ ಕೈಗೆ ಔಷಧಿ ಹಚ್ಚಿ ಬಟ್ಟೆ ಸುತ್ತಿದ್ದು ಪಶು ಆಸ್ಪತ್ರೆಯವನು. ಸುತ್ತುತ್ತಿರುವಾಗ ಅಮ್ಮ ಅವನ ತಲೆಯನ್ನು ನೋಡುತ್ತಿದ್ದಳು. ಆಮೇಲೆ, ಜಗಳಕ್ಕೆ ಬಂದವಳ ದನಿಯಲ್ಲಿ, "ನಾಳಿಂದ ಬಟ್ಟೆ ಬರೆ ತಗಂಡ್ ಬಾ" ಎಂದಳು.

"ಎಲ್ಲಿಗೆ ಅಮ್ಮ?"

"ಎಲ್ಲಿಗೆ ಅಂದ್ರೆ? ಆ ಕೋಣೆದಾಗ ಇನ್ನೊಂದು ಹಾಸಿಗೆ ಹಿಡೀತತಿ. ವಾಸನೆ ಬಂದ್ರ ಬಾಯಿ ಬಿಡೋನು ನೀನೊಬ್ನೇ. ನಮ್ಮ ಕೈಲಿ ಆಗಂಗಿಲ್ಲ ಅಂತ ನೋಡೀವಲ್ಲ."

ಈಸ್ಟರ್ ಭಾನುವಾರ ಸಂಜೆ ಅವನು ಒಂದು ಬ್ಯಾಗು, ಒಂದು ಜೋಡಿ ಗಂಬೂಟಿನೊಂದಿಗೆ ಬಂದ. ಅಮ್ಮ ಗಂಬೂಟನ್ನು ಹೊರಗೆ ಇಡಿಸಿದಳು, ಬ್ಯಾಗು ಒಳಗೆ ಹೋಯಿತು. ಊಟದ ನಂತರ ಆ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಅಮ್ಮನಾಗಲಿ ನಾನಾಗಲಿ ಅಲಾರಂ ಇಡಲಿಲ್ಲ. ಇಡಬಾರದೆಂದು ಮಾತಾಡಿಕೊಂಡಿರಲೂ ಇಲ್ಲ.

ಸೋಮವಾರ ನನ್ನನ್ನು ಎಬ್ಬಿಸಿದ್ದು ಹಾಲಿನವನು ಶಟರು ಬಡಿಯುತ್ತಿದ್ದ ಸದ್ದು. ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ನಾಲ್ಕಕ್ಕೆ ಏಳಬೇಕಾದವರು ನಾಲ್ವರೂ ಮಲಗಿಯೇ ಇದ್ದೆವು. ಹಿಂದಿನ ಸಂಜೆ ಕಲಸಿಟ್ಟ ಹಿಟ್ಟು ಉಬ್ಬಿ, ಮುಚ್ಚಿದ ಬಟ್ಟೆಯನ್ನು ತಳ್ಳಿ, ಪಾತ್ರೆಯ ಅಂಚು ದಾಟಿ ನೆಲಕ್ಕೆ ಇಳಿದಿತ್ತು. ಹುಳಿ ವಾಸನೆ. ಅಮ್ಮ ಸುಟ್ಟ ಕೈ ಎದೆಗೆ ಹಿಡಿದು ಅದರ ಮುಂದೆ ನಿಂತು, ಮುಚ್ಚಿದ ಕೋಣೆಯ ಕಡೆಗೆ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು.

"ಏಳ್ರೋ ಇಬ್ರೂ! ಒಂದ್ ಒಲಿ ಹಿಟ್ಟು ಹಾಳಾತು!"